ರಾಹೇಲಜ್ಜಿಯ ಬಲಗಿವಿ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷಗಳಲ್ಲಿ ನಮ್ಮ ಕಡೆ ದೂರದಲ್ಲಿರುವ ಯಾರನ್ನಾದರೂ ಕರೆಯಬೇಕೆಂದರೆ ಗಂಟಲೊಂದೇ ಗತಿಯಾಗಿತ್ತು. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯ ಪಕ್ಕ, ಗೌಡರೊಬ್ಬರ ತೆಂಗಿನ ತೋಟದೊಳಗೆ ನಮ್ಮ ಮನೆ. ಗೌಡರು ಪೇಟೆಯಲ್ಲಿದ್ದರು, ತೋಟ ನೋಡಿಕೊಳ್ಳುತ್ತಿದ್ದವನು ನಮ್ಮಪ್ಪ. ಊಟದ ಹೊತ್ತಿಗೆ ಅವನು ಯಾವ ಮೂಲೆಯಲ್ಲಿ ನೀರು ಕಟ್ಟುತ್ತಿದ್ದನೋ, ಯಾವ ಬದುವಿನ ಮೇಲೆ ಗರಿಗಳ ಹೊರೆ ಕಟ್ಟುತ್ತಿದ್ದನೋ ಗೊತ್ತಿರುತ್ತಿರಲಿಲ್ಲ. ಅವ್ವ ಒಲೆಯ ಮುಂದಿನಿಂದ ಏಳದೆ, ಒಂದು ಕೂಗು ಹಾಕು ಅನ್ನುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೂಗಿದರೆ ಅಪ್ಪ ಮಾತ್ರವಲ್ಲ, ಪಕ್ಕದ ತೋಟದ ಆಳುಗಳೂ ಕೈ ತೊಳೆದುಕೊಳ್ಳುತ್ತಿದ್ದರು.

ನನ್ನ ಹೆಸರು ಶಾಂತ. ನಾನು ಬಾಯಿ ತೆರೆಯುವ ಮೊದಲೇ ಅವಸರಪಟ್ಟು ಈ ಹೆಸರು ಇಟ್ಟುಬಿಟ್ಟೆವು ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಗೆಳತಿಯರು ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಅನ್ನ ಬೇಯಿಸುತ್ತ ಗುಟ್ಟು ಹೇಳಿಕೊಳ್ಳುವಾಗ ನನ್ನನ್ನು ಗರಿ ಆರಿಸಿಕೊಂಡು ಬಾ ಎಂದು ದೂರ ಕಳಿಸುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು ಊರಿಗೆಲ್ಲ ಕೇಳಿಸುತ್ತದೆ ಎಂಬ ಹೆದರಿಕೆ ಅವರಿಗೆ. ಅವ್ವ ಮಾತ್ರ ನಗುತ್ತಿರಲಿಲ್ಲ. ಹೆಣ್ಣುಮಗು, ನಾಳೆ ಕೊಟ್ಟ ಮನೆಯಲ್ಲಿ ಏನಂದಾರು ಎಂದು ಅವಳಿಗೆ ಚಿಂತೆ.

ನಮ್ಮದು ಕ್ರೈಸ್ತ ಮನೆತನ. ಆ ಸೀಮೆಯಲ್ಲಿ ನಮ್ಮವರು ಕೆಲವೇ ಸಂಸಾರ. ಒಬ್ಬ ಬಡಗಿ, ಆಸ್ಪತ್ರೆಯ ನರ್ಸಮ್ಮ, ಹಳಿ ರಿಪೇರಿಯ ರೈಲ್ವೆ ಗ್ಯಾಂಗಿನಲ್ಲಿದ್ದ ಕೆಲವರು, ಕೂಲಿನಾಲಿ ಮಾಡುವ ಕೆಲವರು, ಪಕ್ಕದ ಹಳ್ಳಿಯ ಶಾಲೆಯಲ್ಲಿದ್ದ ಜಯಪಾಲ ಮೇಷ್ಟ್ರು. ಭಾನುವಾರ ಎಲ್ಲರೂ ಸೇರುತ್ತಿದ್ದುದು ಬಸ್ಸು ನಿಲ್ಲುವ ಜಾಗದ ಎದುರಿಗಿದ್ದ ಹೆಂಚಿನ ಸಣ್ಣ ಚರ್ಚಿನಲ್ಲಿ. ಮಳೆಗಾಲದಲ್ಲಿ ಅದರೊಳಗೆ ಸುಣ್ಣದ ಮತ್ತು ಒದ್ದೆ ಚಾಪೆಯ ವಾಸನೆ. ಬೇಸಿಗೆಯಲ್ಲಿ ಪಕ್ಕದ ಮನೆಗಳ ಅಟ್ಟದ ಮೇಲೆ ಒಣಗುತ್ತಿದ್ದ ಕಾಯಿಗಳಿಂದ ಬರುವ ಸಿಹಿಯಾದ ಕೊಬ್ಬರಿ ವಾಸನೆ. ಈಗಲೂ ಕೊಬ್ಬರಿ ಹೋಳು ಮೂಸಿದರೆ ನನಗೆ ಪ್ರಾರ್ಥನೆ ಮಾಡಬೇಕು ಅನ್ನಿಸುತ್ತದೆ.

ಪ್ರಭುದಾಸ ಅಯ್ಯನವರು ನಮ್ಮ ಸಭೆಗೆ ಪಾದ್ರಿಗಳಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಕರಾವಳಿಯ ಕಡೆಯವರು. ತೆಳ್ಳಗೆ, ಎತ್ತರಕ್ಕೆ, ನಡೆಯುವಾಗ ಒಂದು ಬದಿಗೆ ವಾಲುತ್ತಿದ್ದರು. ಒಳ್ಳೆಯವರು, ಆದರೆ ಅವರ ಕನ್ನಡ ಪುಸ್ತಕದಂತಿತ್ತು. ಅವರು ಪ್ರಸಂಗ, ಅಂದರೆ ಭಾನುವಾರದ ಉಪದೇಶ, ಮಾಡುವಾಗ ಗ್ಯಾಂಗಿನ ಗಂಡಸರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು, ಹೊರಗೆ ಬಂದ ಮೇಲೆ ಅಯ್ಯನೋರು ಏನಂದ್ರು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಅವರ ಹೆಂಡತಿ ಲಿಲ್ಲಿಯಮ್ಮನವರದು ಮಾತ್ರ ಬಾಯಿತುಂಬ ಮಾತು. ಯಾರ ಮನೆಗಾದರೂ ಹೋಗಿ ನೆಲದ ಮೇಲೆ ಕೂತು ಅವರೆಕಾಳು ಬಿಡಿಸಿಕೊಡುತ್ತಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅಯ್ಯನವರು ಕೃಪಾವರಗಳ ಬಗ್ಗೆ ಪ್ರಸಂಗ ಮಾಡಿದರು. ದೇವರು ಯಾರನ್ನೂ ಬರಿಗೈಯಲ್ಲಿ ಕಳಿಸಿಲ್ಲ, ಒಬ್ಬೊಬ್ಬರಿಗೆ ಒಂದೊಂದು ವರ ಕೊಟ್ಟಿದ್ದಾನೆ, ಅದು ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದಕ್ಕಲ್ಲ, ಸಭೆಗೆ ಉಪಯೋಗವಾಗಬೇಕು ಎಂಬುದು ಅದರ ಸಾರ. ನನಗೆ ಅದು ಅರ್ಥವಾದದ್ದು ಪ್ರಸಂಗದಿಂದಲ್ಲ. ಪ್ರಾರ್ಥನೆ ಮುಗಿದ ಮೇಲೆ ಲಿಲ್ಲಿಯಮ್ಮನವರು ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು, ಕ್ರಿಸ್ಮಸ್ಸು ಬರುತ್ತಿದೆ, ಯಾರಿಂದ ಏನು ಆಗುತ್ತದೆ ಹೇಳಿ ಎಂದಾಗ. ಬಡಗಿ ಕುಂಟುತ್ತಿದ್ದ ಬೆಂಚುಗಳಿಗೆ ಕಾಲು ಹಾಕುತ್ತೇನೆ ಎಂದ. ನರ್ಸಮ್ಮ ಭಾನುವಾರ ಪ್ರಾರ್ಥನೆಯ ನಂತರ ವಯಸ್ಸಾದವರ ಗಾಯ, ಕೆಮ್ಮು ನೋಡುತ್ತೇನೆ ಎಂದರು. ಅಪ್ಪ ಚಪ್ಪರಕ್ಕೆ ಗರಿ ತರಲು ಒಪ್ಪಿಕೊಂಡ. ಅವ್ವ ನಾಚಿಕೊಂಡು, ನನಗೇನೂ ಬರಕ್ಕಿಲ್ಲ, ನೆಲ ಸಾರಿಸ್ತೀನಿ ಅಂದಳು. ಲಿಲ್ಲಿಯಮ್ಮನವರು, ನಾವು ಮಂಡಿಯೂರುವುದು ಆ ನೆಲದ ಮೇಲೇ ಅಲ್ಲವಾ ಎಂದು ಅವಳ ಕೈ ಹಿಡಿದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಮಕ್ಕಳೆಲ್ಲ ಹಾಡಿನ ಗುಂಪಿಗೆ ಸೇರಿದೆವು. ಜಯಪಾಲ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಕಲಿಸುತ್ತಿದ್ದರು. ಅವರಿಗೆ ಸಂಗೀತವೆಂದರೆ ಪ್ರಾಣ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಿಸಿದ ಕರವಸ್ತ್ರ, ಎಲ್ಲವೂ ಅಚ್ಚುಕಟ್ಟು. ಮೊದಲ ದಿನ ಅವರು ನಡುವೆ ನಿಲ್ಲಿಸಿ ಯಾರ ಧ್ವನಿ ಎಂದು ನೋಡಿದರು. ಎರಡನೆಯ ದಿನ ನನ್ನನ್ನು ಗೋಡೆಯ ಕಡೆ ನಿಲ್ಲಿಸಿದರು. ಅದಾದ ಮೇಲೆ ಒಂದು ಸಂಜೆ, ಎಲ್ಲರ ಮುಂದೆ, ಕೋಪವಿಲ್ಲದೆ ಅಂದರು: "ಶಾಂತ, ನೀನು ಬಾಯಿ ಆಡ್ಸು ಸಾಕು ಕಣಮ್ಮ. ಧ್ವನಿ ಬುಡಬೇಡ."

ಕೋಪದಿಂದ ಅಂದಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ. ಎಲ್ಲರೂ ನಕ್ಕರು. ನಾನು ಒಂದು ಹಾಡು ಪೂರ್ತಿ ಬಾಯಿ ಆಡಿಸಿದೆ, ಆಮೇಲೆ ಹೊರಗೆ ಬಂದು ಚಪ್ಪರಕ್ಕೆಂದು ತಂದು ಹಾಕಿದ್ದ ಗರಿಗಳ ರಾಶಿಯ ಹಿಂದೆ ಕೂತು ಅತ್ತೆ. ನನ್ನ ಅಳುವೂ ಸಣ್ಣದಲ್ಲವಲ್ಲ, ಲಿಲ್ಲಿಯಮ್ಮನವರಿಗೆ ಚರ್ಚಿನ ಪಕ್ಕದ ತಮ್ಮ ಅಡುಗೆಮನೆಯಿಂದಲೇ ಕೇಳಿಸಿತು. ಬಂದು ಪಕ್ಕದಲ್ಲಿ ಕೂತರು. ಎಲ್ಲರಿಗೂ ವರ ಕೊಟ್ಟ ದೇವರು ನನಗೆ ಮಾತ್ರ ಕೊಟ್ಟಿಲ್ಲ ಎಂದು ನಾನು ಬಿಕ್ಕುತ್ತ ದೂರು ಹೇಳಿದೆ. ಅವರು, "ಎಂಥ ಗಂಟಲು ಮಾರಾಯ್ತಿ ನಿನ್ನದು," ಎಂದು ಸೆರಗಿನಲ್ಲಿ ನನ್ನ ಮೂಗು ಒರೆಸಿ, ಬರುವ ಭಾನುವಾರ ರಾಹೇಲಜ್ಜಿಯ ಪಕ್ಕ ಕೂತು ಅಯ್ಯನವರ ಮಾತನ್ನು ಅವಳ ಕಿವಿಗೆ ಹೇಳು ಎಂದರು.

ರಾಹೇಲಜ್ಜಿ ಚರ್ಚಿನ ಹಿಂದಿನ ಒಂಟಿ ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ನೆನೆಸಿದ ತೆಂಗಿನ ನಾರು ಹೊಸೆದು ಹಗ್ಗ ಮಾಡಿ ಮಾರುತ್ತಿದ್ದಳು. ಅವಳ ಅಂಗೈ ಮುಟ್ಟಿದರೆ ಕಾಯಿಯ ಸಿಪ್ಪೆ ಮುಟ್ಟಿದಂತಾಗುತ್ತಿತ್ತು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಬಾಯಿ ಇಟ್ಟು ಜೋರಾಗಿ ಹೇಳಿದರೆ ಮಾತ್ರ ಕೇಳಿಸುತ್ತಿತ್ತು. ಆದರೂ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತು ಅಯ್ಯನವರ ತುಟಿಯನ್ನೇ ನೋಡುತ್ತಿದ್ದಳು, ಎಲ್ಲರೂ ಎದ್ದಾಗ ಏಳುತ್ತಿದ್ದಳು, ಎಲ್ಲರೂ ಕೂತಾಗ ಕೂರುತ್ತಿದ್ದಳು. ಓದುಬರಹ ಬಾರದ ಅವಳಿಗೆ ಕಿವಿ ಹೋದಾಗಿನಿಂದ ಬೈಬಲಿನ ಒಂದು ವಾಕ್ಯವೂ ಕೇಳಿಸಿರಲಿಲ್ಲ.

ನಾನು ಪಕ್ಕದಲ್ಲಿ ಕೂತ ಮೊದಲ ಭಾನುವಾರ ಕಳೆದುಹೋದ ಕುರಿಯ ಕಥೆ. ಅಯ್ಯನವರು ಒಂದು ಮಾತು ಹೇಳುತ್ತಿದ್ದಂತೆ ನಾನು ಅಜ್ಜಿಯ ಬಲಗಿವಿಗೆ ಬಾಗಿದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಎಲೆ ಅಡಿಕೆ, ಹೊಗೆಸೊಪ್ಪು, ನೆನೆದ ನಾರು, ಎಲ್ಲ ಸೇರಿದ ವಾಸನೆ. "ಕುರುಬನೊಬ್ಬನು ಶತಸಂಖ್ಯೆಯ ಮಂದೆಯನ್ನು" ಎಂದು ಅಯ್ಯನವರು ಆರಂಭಿಸಿದ್ದನ್ನು ನಾನು, "ಅಜ್ಜಿ, ಒಬ್ಬ ಕುರಿ ಮೇಯ್ಸೋನ್ ತಾವ ನೂರು ಕುರಿ ಇದ್ವಂತೆ," ಎಂದು ಹೇಳಿದೆ. ನನಗೆ ಬೇರೆ ಕನ್ನಡ ಬರುತ್ತಿರಲಿಲ್ಲ. ಹೆಂಚಿನ ಮಾಡಿಗೆ ನನ್ನ ಧ್ವನಿ ಬಡಿದು ಇಡೀ ಚರ್ಚಿಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಗ್ಯಾಂಗಿನವರು ನೆಟ್ಟಗೆ ಕೂತರು.

ಅಜ್ಜಿಯ ಮುಖ ಅರಳಿದ್ದನ್ನು ಹೇಗೆ ಹೇಳಲಿ. ಕಣ್ಣು ಮುಚ್ಚಿ, ನನ್ನ ಮೊಣಕೈ ಹಿಡಿದುಕೊಂಡು ಕೇಳಿದಳು. ಕುರುಬ ಉಳಿದ ಕುರಿಗಳನ್ನೆಲ್ಲ ಬಿಟ್ಟು ಒಂದನ್ನು ಹುಡುಕಲು ಹೋದ ಎಂದೊಡನೆ ಕಣ್ಣು ತೆರೆದಳು. ಕಿವುಡರಿಗೆ ತಮ್ಮ ಧ್ವನಿ ಎಷ್ಟೆಂದು ತಿಳಿಯುವುದಿಲ್ಲ.

"ಮಿಕ್ಕಿದ್ ಕುರೀನ ಯಾರ್ ಕೈಗ್ ಒಪ್ಸಿ ಹೋದ್ನಂತೆ ಅಮ್ಮಣ್ಣಿ? ಅಲ್ಲಿಗೆ ತ್ವಾಳ ನುಗ್ಗುದ್ರೆ ಏನ್ ಗತಿ?"

ಚರ್ಚಿಗೆ ಚರ್ಚೇ ನಕ್ಕಿತು. ಅಪ್ಪ ಟವಲಿನಲ್ಲಿ ಬಾಯಿ ಮುಚ್ಚಿಕೊಂಡ. ಅಯ್ಯನವರ ಮುಖ ಕೆಂಪಾಯಿತು, ಆದರೂ ಪ್ರಸಂಗ ಮುಂದುವರಿಸಿದರು. ಜಯಪಾಲ ಮೇಷ್ಟ್ರು ಮಾತ್ರ ಹಾರ್ಮೋನಿಯಂ ಹಿಂದೆ ತಲೆ ತಗ್ಗಿಸಿಕೊಂಡೇ ಕೂತಿದ್ದರು.

ಇನ್ನೊಂದೆರಡು ಭಾನುವಾರ ಹೀಗೇ ನಡೆಯಿತು. ಜನಕ್ಕೆ ಖುಷಿ, ಹಾಗೆಯೇ ಗುಸುಗುಸುವೂ ಇತ್ತು. ಕೊನೆಗೆ ಸಭೆಯ ಹಿರಿಯರು ಸೇರಿ ಮಾತಾಡಿಕೊಂಡರು. ಆರಾಧನೆಯಲ್ಲಿ ಗಾಂಭೀರ್ಯ ಉಳಿಯುತ್ತಿಲ್ಲ, ರಸ್ತೆಯಲ್ಲಿ ಹೋಗುವವರು ನಿಂತು ನಗುತ್ತಿದ್ದಾರೆ ಎಂದು ಮೇಷ್ಟ್ರು ಹೇಳಿದರಂತೆ. ಹುಡುಗಿಯನ್ನು ಮಕ್ಕಳ ಜೊತೆ ಕೂರಿಸಿ ಎಂದು ತೀರ್ಮಾನವಾಯಿತು. ಅಯ್ಯನವರು ಹೊಸಬರು, ಎದುರು ಮಾತಾಡಲಿಲ್ಲ. ಅವ್ವ ಮನೆಯಲ್ಲಿ, ಹೋಗ್ಲಿ ಬುಡು, ದೊಡ್ಡೋರು ಹೇಳಿದ್ ಮೇಲೆ ಮುಗೀತು ಅಂದಳು. ಆದರೆ ಅವತ್ತು ರೊಟ್ಟಿ ತಟ್ಟುವಾಗ ಅವಳ ಕೈ ಬೇಕಾದ್ದಕ್ಕಿಂತ ಜೋರಾಗಿತ್ತು.

ಮುಂದಿನ ಭಾನುವಾರ ನಾನು ಚಾಪೆಯ ಮೇಲೆ ಮಕ್ಕಳ ಜೊತೆ ಕೂತೆ. ಅಜ್ಜಿ ಬಂದು ತನ್ನ ಬಲಗಡೆ ಸೆರಗಿನಿಂದ ಬೆಂಚು ಒರೆಸಿ ಜಾಗ ಮಾಡಿದಳು. ಹಾಡು ಮುಗಿಯಿತು, ಬೈಬಲಿನ ವಾಕ್ಯ ಓದಿದ್ದಾಯಿತು, ಅಯ್ಯನವರು ಪ್ರಸಂಗ ಆರಂಭಿಸಿದರು. ಅಜ್ಜಿ ಎಡಕ್ಕೂ ಬಲಕ್ಕೂ ನೋಡಿದಳು. ಆಮೇಲೆ ಅವರ ಮಾತಿನ ನಡುವೆಯೇ, ಅಕ್ಕಪಕ್ಕದವರನ್ನು ಕೇಳುವಂತೆ ಕೇಳಿದಳು:

"ಶಾಂತ ಎಲ್ಲವ್ಳೆ? ಇವತ್ತು ಏನ್ ಹೇಳ್ತಾವ್ರೆ ಅಯ್ಯನೋರು? ನಂಗೂ ವಸಿ ಹೇಳ್ರಪ್ಪಾ."

ಯಾರೂ ನಗಲಿಲ್ಲ. ಅಯ್ಯನವರು ನಿಲ್ಲಿಸಿದರು. ಕೈಯಲ್ಲಿದ್ದ ಪುಸ್ತಕ ಮುಚ್ಚಿ, ಪೀಠದಿಂದ ಇಳಿದು ಚಾಪೆಯ ಹತ್ತಿರ ಬಂದು ನನ್ನ ಕೈ ಹಿಡಿದು ಎಬ್ಬಿಸಿ ಅಜ್ಜಿಯ ಬಲಗಡೆ ಕೂರಿಸಿದರು. ಆಮೇಲೆ ಸಭೆಗೆ, ವರಗಳ ಬಗ್ಗೆ ಪ್ರಸಂಗ ಮಾಡಿದವನು ನಾನು, ಒಂದು ವರ ಕಣ್ಣೆದುರಿಗೆ ಬಂದಾಗ ಸುಮ್ಮನಿದ್ದವನೂ ನಾನೇ ಎಂದರು. ನನ್ನ ಕಡೆ ತಿರುಗಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ.

"ಮಗೂ, ಇನ್ನು ಮೇಲೆ ನಾನು ಒಂದು ಮಾತು ಹೇಳಿ ನಿಲ್ಲುತ್ತೇನೆ. ನೀನು ಹೇಳು. ನೀನು ಮುಗಿಸಿದ ಮೇಲೆ ನಾನು ಮುಂದಕ್ಕೆ ಹೋಗುತ್ತೇನೆ."

ಹಾಗೆಯೇ ನಡೆಯಿತು. ಅವರೊಂದು ಮಾತು, ನಾನೊಂದು ಮಾತು. ಶನಿವಾರ ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ಲಿಲ್ಲಿಯಮ್ಮನವರು ಬೆಲ್ಲದ ಕಾಫಿ, ಅಕ್ಕಿಹಿಟ್ಟಿನ ಗರಿಗರಿ ತಿಂಡಿ ಕೊಡುತ್ತಿದ್ದರು. ಅಯ್ಯನವರು ಮರುದಿನದ ಪ್ರಸಂಗ ಹೇಳುತ್ತಿದ್ದರು. ನನಗೆ ಅರ್ಥವಾಗದ ಕಡೆ ನಾನು ಮುಖ ಕಿವುಚುತ್ತಿದ್ದೆ, ಅವರು ಬೇರೆ ಮಾತು ಹುಡುಕುತ್ತಿದ್ದರು. ದ್ರಾಕ್ಷಿತೋಟ ಅಂದರೆ ಅಜ್ಜಿಗೆ ತಿಳಿಯುವುದಿಲ್ಲ, ತೆಂಗಿನ ತೋಟ ಅನ್ನಲಾ ಎಂದು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, ಅನ್ನು ಎಂದರು. ತಿಂಗಳು ಕಳೆಯುವುದರೊಳಗೆ ಅವರ ಕನ್ನಡದಿಂದ ದೊಡ್ಡ ದೊಡ್ಡ ಪದಗಳು ಒಂದೊಂದಾಗಿ ಇಳಿದುಹೋದವು. ನಾನು ಓದು ಕಲಿತದ್ದು ಶಾಲೆಯಲ್ಲಿ, ಕೇಳುವುದನ್ನು ಕಲಿತದ್ದು ಆ ಶನಿವಾರಗಳಲ್ಲಿ. ಇನ್ನೊಬ್ಬರಿಗೆ ಹೇಳಬೇಕು ಎಂದು ಕೇಳಿಸಿಕೊಳ್ಳುವುದೇ ಬೇರೆ.

ಕ್ರಿಸ್ಮಸ್ ಬಂತು. ಅಪ್ಪ ಹಸಿರು ಗರಿಯ ಚಪ್ಪರ ಹಾಕಿದ, ಅವ್ವ ಎರಡು ದಿನ ಮೊದಲೇ ನೆಲ ಸಾರಿಸಿ ರಂಗೋಲಿ ಬಿಟ್ಟಳು. ಮನೆಮನೆಯಲ್ಲಿ ಕಜ್ಜಾಯ, ಕರ್ಜಿಕಾಯಿ, ಕೊಬ್ಬರಿ ಮಿಠಾಯಿ. ಗೌಡರ ಮನೆಯ ಹೆಂಗಸರೂ ಬಂದು ಚಪ್ಪರದಲ್ಲಿ ಕೂತಿದ್ದರು. ಗೆಳತಿಯರು ಬಿಳಿ ಲಂಗ ತೊಟ್ಟು ಮೇಷ್ಟ್ರ ಸುತ್ತ ನಿಂತಿದ್ದರು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಹಾಡು ಶುರುವಾಗುವ ಮುಂಚೆ ಮೇಷ್ಟ್ರು ನನ್ನ ಹತ್ತಿರ ಬಂದು, ಒಂದೊಂದು ಸಾಲಿಗೂ ನಡುವೆ ಹಾರ್ಮೋನಿಯಂ ನುಡಿಸುತ್ತೇನೆ, ಅಷ್ಟರಲ್ಲಿ ಅಜ್ಜಿಗೆ ಮಾತು ತಿಳಿಸಿಬಿಡು ಎಂದರು. ಬೇರೇನೂ ಹೇಳಲಿಲ್ಲ. ಹಾಗೆ ಆ ವರ್ಷದ ಹಾಡಿನಲ್ಲಿ ನಾನೂ ಸೇರಿದೆ.

ಪ್ರಸಂಗದಲ್ಲಿ ಮರಿಯಳೂ ಅವಳ ಗಂಡ ಯೋಸೇಫನೂ ಊರಿಂದ ಹೊರಟರು. ಅಜ್ಜಿ ಸುಮ್ಮನಿರಲಿಲ್ಲ. "ತುಂಬಿದ್ ಬಸುರೀನ ಅಷ್ಟ್ ದೂರ ಕರ್ಕಂಡು ಹೋದ್ನಾ? ಮನೇಲಿ ಬುದ್ಧಿ ಹೇಳೋ ದೊಡ್ಡೋರು ಯಾರೂ ಇರ್ಲಿಲ್ವಾ?" ಗೌಡರ ಮನೆಯ ಹೆಂಗಸರು ಹೌದು ಹೌದು ಎಂದು ತಲೆಯಾಡಿಸಿದರು. ಕೊಟ್ಟಿಗೆಯಲ್ಲಿ ಮಗು ಹುಟ್ಟಿತು ಎಂದಾಗ ಅಜ್ಜಿ ಇನ್ನೊಂದು ಕೇಳಿದಳು. ಹೆರಿಗೆ ಮಾಡಿಸಿದ್ದು ಯಾರು?

ಅಯ್ಯನವರು ಪುಸ್ತಕದ ಹಾಳೆ ತಿರುವಿ ನೋಡಿದರು. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರೂ ಕತ್ತು ಚಾಚಿದ್ದರು. ಅದನ್ನು ಬರೆದಿಲ್ಲ ಅಜ್ಜಿ, ಆ ಊರಿನ ಯಾವಳೋ ಒಬ್ಬ ತಾಯಿ ಬಂದಿರಬೇಕು ಎಂದರು ಕೊನೆಗೆ. ನಾನು ಕಿವಿಗೆ ಹೇಳಿದೆ. ಅಜ್ಜಿಗೆ ಸಮಾಧಾನವಾಯಿತು.

"ಬಂದೇ ಇರ್ತಾಳೆ," ಅಂದಳು. "ಬರ್ದೆ ಇರ್ತಾಳಾ."

ಊರಿನ ಹೆರಿಗೆಗಳಿಗೆಲ್ಲ ಹೋಗುತ್ತಿದ್ದ ನರ್ಸಮ್ಮ ಕಣ್ಣು ಒರೆಸಿಕೊಂಡದ್ದು ನನಗೆ ಆಗ ಯಾಕೆಂದು ಗೊತ್ತಾಗಲಿಲ್ಲ.

ಹೊಸ ವರ್ಷ ಕಳೆದ ಮೇಲೆ, ರಾಗಿ ಒಕ್ಕಣೆಯ ದಿನಗಳಲ್ಲಿ, ನಾನು ಶಾಲೆ ಬಿಟ್ಟೊಡನೆ ಅಜ್ಜಿಯ ಮನೆಗೆ ಹೋಗುವುದು ರೂಢಿಯಾಯಿತು. ಅವಳು ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದಳು, ನಾನು ನಾರು ಬಿಡಿಸಿಕೊಡುತ್ತ ಊರಿನ ಸುದ್ದಿಯೆಲ್ಲ ಕಿವಿಗೆ ಹಾಕುತ್ತಿದ್ದೆ. ಒಂದು ದಿನ ಅವಳು ಹಗ್ಗ ಕೆಳಗಿಟ್ಟು, ಯಾರಾದರೂ ಸತ್ತಾಗ ಮಣ್ಣು ಮಾಡುವ ಹೊತ್ತಲ್ಲಿ ಅಯ್ಯನವರು ಏನು ಹೇಳುತ್ತಾರೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿರಲಿಲ್ಲ.

ಆಗ ಅವಳು ತನ್ನ ಕಥೆ ಹೇಳಿದಳು. ಗಂಡ ಪೌಲಪ್ಪ ಗಾಡಿ ಹೊಡೆಯುತ್ತಿದ್ದ, ತೋಟಗಳಿಂದ ಕಾಯಿ ಸಾಗಿಸುತ್ತಿದ್ದ. ಒಂದು ವರ್ಷ ಕೆಟ್ಟ ಜ್ವರ ಬಂದು ಇಬ್ಬರೂ ಮಲಗಿದರು. ಅವಳು ಎದ್ದು ಕೂರುವ ಹೊತ್ತಿಗೆ ಅವನು ಹೋಗಿದ್ದ, ಅವಳ ಕಿವಿಯೂ ಹೋಗಿತ್ತು. ಇಬ್ಬರು ಹೆಂಗಸರು ಅವಳ ರಟ್ಟೆ ಹಿಡಿದು ಸಮಾಧಿಯ ಹತ್ತಿರ ನಿಲ್ಲಿಸಿದರು. ಆಗಿದ್ದ ಪಾದ್ರಿಗಳ ಬಾಯಿ ಆಡುತ್ತಿತ್ತು. ಎಲ್ಲರೂ ಏನೋ ಕೇಳಿ ಅತ್ತರು. ಅವಳಿಗೆ ಒಂದು ಮಾತೂ ಕೇಳಿಸಲಿಲ್ಲ.

"ನಮ್ ಯಜಮಾನ್ರ ಬಗ್ಗೆ ಏನೋ ಅಂದ್ರು ಕಣಮ್ಮಿ. ಜನ ಎಲ್ಲಾ ನನ್ನ ಮಖ ನೋಡುದ್ರು. ಏನಂದ್ರು ಅಂತ ನಂಗ್ ಗೊತ್ತೇ ಆಗ್ಲಿಲ್ಲ."

ಯಾರನ್ನೂ ಕೇಳಲಿಲ್ಲವಾ ಎಂದೆ. ಅವಳು ನಕ್ಕಳು. ಕಿವುಡರ ಹತ್ತಿರ ಜನ ಬಂದು ಊಟ ಆಯಿತಾ, ಬಾಗಿಲು ಹಾಕಿಕೋ, ಬಸ್ಸು ಬಂತು ಎಂದು ಕೂಗುತ್ತಾರೆ. ಅಂಥ ಮಾತನ್ನು ಯಾರು ಕೂಗುತ್ತಾರೆ ಎಂದಳು. ನನಗೆ ಅಂದು ಹನ್ನೊಂದೋ ಹನ್ನೆರಡೋ. ಆದರೂ ಅದು ಅರ್ಥವಾಯಿತು. ಕಷ್ಟದ ಮಾತನ್ನು ಎಲ್ಲರೂ ಮೆತ್ತಗೆ ಹೇಳುತ್ತಾರೆ. ಮೆತ್ತಗೆ ಹೇಳಿದ್ದು ಅಜ್ಜಿಯವರೆಗೆ ಬರುತ್ತಲೇ ಇರಲಿಲ್ಲ.

ನಾನು ಓಡಿಹೋಗಿ ಅಯ್ಯನವರಿಗೆ ಹೇಳಿದೆ. ಅವರು, ಆ ಮಾತನ್ನು ಅಜ್ಜಿಗೆ ಮನೆಯಲ್ಲಿ ಹೇಳುವುದು ಬೇಡ, ಸಮಾಧಿಯ ಹತ್ತಿರವೇ ಹೋಗೋಣ ಎಂದರು. ಆ ದಿನ ಪಾದ್ರಿಗಳು ಏನು ಹೇಳಿದ್ದರೆಂದು ಅವರಿಗೆ ತಿಳಿಯುವ ಹಾಗಿರಲಿಲ್ಲ. ಅಲ್ಲಿದ್ದವರಲ್ಲಿ ಉಳಿದವರು ಯಾರೆಂದು ಕೇಳಿದಾಗ ಸಿಕ್ಕಿದ್ದು ಜಯಪಾಲ ಮೇಷ್ಟ್ರು. ಅಂದು ಹಾಡು ಹೇಳಿಸಿದ್ದವರೇ ಅವರು.

ಒಂದು ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ, ನಾವು ಕೆರೆ ಏರಿಯ ಕೆಳಗಿನ ಸಮಾಧಿ ಜಾಗಕ್ಕೆ ಹೋದೆವು. ಅಯ್ಯನವರು, ಲಿಲ್ಲಿಯಮ್ಮನವರು, ಅಪ್ಪ ಅವ್ವ, ಮೇಷ್ಟ್ರು, ನಾನು, ಅಜ್ಜಿ. ಸುತ್ತ ತಂಗಡಿ ಗಿಡ ಹಳದಿ ಹೂ ಬಿಟ್ಟಿತ್ತು. ಅಜ್ಜಿ ಒಗೆದ ಸೀರೆ ಉಟ್ಟಿದ್ದಳು. ಬೇವಿನ ಮರದ ಪಕ್ಕದ ಮಣ್ಣಿನ ದಿಬ್ಬದ ಹತ್ತಿರ ಹೋಗಿ, ತಾನು ಅಂದು ನಿಂತಿದ್ದ ಜಾಗ ನೋಡಿಕೊಂಡು ಅಲ್ಲಿಯೇ ನಿಂತಳು.

ಅಯ್ಯನವರು ಪುಸ್ತಕ ತೆರೆದು ಓದಿದರು. ಒಂದು ಮಾತು, ನಿಲ್ಲುವುದು. ನಾನು ಹೇಳುತ್ತಾ ಹೋದೆ. ಮಣ್ಣಿಂದ ಬಂದದ್ದನ್ನು ಮಣ್ಣಿಗೆ ಒಪ್ಪಿಸುತ್ತಾ ಇದ್ದೇವಂತೆ ಅಜ್ಜಿ. ಆದರೆ ಇದೇ ಕೊನೆಯಲ್ಲವಂತೆ. ಮತ್ತೆ ಎಬ್ಬಿಸುತ್ತಾನಂತೆ. ಅಜ್ಜಿ ಪ್ರತಿ ಮಾತಿಗೂ ಹೂಂ ಎಂದಳು, ಪ್ರಶ್ನೆ ಕೇಳಲಿಲ್ಲ. ಬೇವಿನ ಮರದಲ್ಲಿದ್ದ ಹಕ್ಕಿಗಳು ನನ್ನ ಧ್ವನಿಗೆ ಹಾರಿಹೋದವು.

ಪುಸ್ತಕ ಮುಗಿದ ಮೇಲೆ ಮೇಷ್ಟ್ರು ಮುಂದೆ ಬಂದರು. ಆ ದಿನ ಪಾದ್ರಿಗಳು ಹೇಳಿದ್ದನ್ನು ನೆನಪಿಸಿಕೊಂಡು ಮೆಲ್ಲಗೆ ಹೇಳತೊಡಗಿದರು. ಚರ್ಚು ಕಟ್ಟುವಾಗ ತಳಪಾಯದ ಕಲ್ಲೆಲ್ಲ ಬಂದದ್ದು ಪೌಲಪ್ಪನ ಗಾಡಿಯಲ್ಲಿ. ನಾನು ಹೇಳಿದೆ. ದಾರಿಯಲ್ಲಿ ನಡೆದು ಹೋಗುವವರನ್ನು ಕಂಡರೆ ಅವನು ಯಾವ ಜಾತಿ, ಯಾವ ಊರು ಎಂದು ಕೇಳದೆ ಗಾಡಿ ನಿಲ್ಲಿಸುತ್ತಿದ್ದ. ಹೇಳಿದೆ. ಇಂಥವನ ಮನೆಯಲ್ಲಿ ಇವನಿಗಿಂತ ಗಟ್ಟಿಗಿತ್ತಿ ಒಬ್ಬಳಿದ್ದಾಳೆ, ಅವಳು ಬೆಳಗಿನ ಜಾವ ಎದ್ದು ಬುತ್ತಿ ಕಟ್ಟದಿದ್ದರೆ ಆ ಗಾಡಿ ಹೊರಡುತ್ತಿರಲಿಲ್ಲ, ದೇವರು ಅವಳನ್ನು ಉಳಿಸಿಕೊಂಡದ್ದಕ್ಕೆ ಸ್ತೋತ್ರ.

ಅಲ್ಲಿಗೆ ನನ್ನ ಗಂಟಲು ಕಟ್ಟಿತು. ಅಜ್ಜಿಯ ಕಿವಿಗೆ ಬಾಯಿ ಇಟ್ಟಿದ್ದೇನೆ, ಮಾತೇ ಬರುತ್ತಿಲ್ಲ. ಊರಿಗೆಲ್ಲ ಕೇಳಿಸುತ್ತಿದ್ದ ಗಂಟಲು ಬೇಕಾದಾಗ ಕೈಕೊಟ್ಟಿತು. ಅಜ್ಜಿ ಆಮೇಲೆ, ಆಮೇಲೆ ಅನ್ನುತ್ತಾ ಕಾಯುತ್ತಿದ್ದಳು. ಆಗ ಜಯಪಾಲ ಮೇಷ್ಟ್ರು ನನ್ನನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ಇಸ್ತ್ರಿಯ ಅಂಗಿಯೊಡನೆ ಆ ಮಣ್ಣಿನ ಮೇಲೆ ಮಂಡಿಯೂರಿ, ಅಜ್ಜಿಯನ್ನು ಕೂರಿಸಿ, ಅವಳ ಬಲಗಿವಿಗೆ ಬಾಯಿಟ್ಟು ಕೂಗಿದರು. ಅಷ್ಟು ಅಚ್ಚುಕಟ್ಟಾದ ಮನುಷ್ಯರು, ಹಾಡು ಬಿಟ್ಟರೆ ಧ್ವನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ.

"ನಿನ್ನ ಬಗ್ಗೆನೂ ಹೇಳುದ್ರು ಕಣಜ್ಜಿ. ನೀನು ಬುತ್ತಿ ಕಟ್ಟಿದ್ದನ್ನೂ ಹೇಳುದ್ರು. ನೀನು ಉಳ್ಕಂಡಿದ್ದಕ್ಕೆ ಸ್ತೋತ್ರ ಹೇಳುದ್ರು."

ಅಜ್ಜಿ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದಳು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು.

"ಬುತ್ತಿ ವಿಷ್ಯನೂ ಗೊತ್ತಿತ್ತಾ ಅವ್ರಿಗೆ," ಅಂದಳು. ಅದು ಅವಳು ಜೀವಮಾನದಲ್ಲಿ ಆಡಿದ ಅತ್ಯಂತ ಮೆತ್ತಗಿನ ಮಾತಿರಬೇಕು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸಾಕು, ನಡೀರಿ, ಕತ್ತಲಾಗುತ್ತೆ ಎಂದು ಎದ್ದಳು. ದಾರಿಯುದ್ದಕ್ಕೂ ಅವಳು ಮೇಷ್ಟ್ರ ಕೈ ಬಿಡಲಿಲ್ಲ. ಮನೆಗೆ ಬಂದವಳು ನಮಗೆಲ್ಲ ಬೆಲ್ಲ, ಕೊಬ್ಬರಿ ಚೂರು ಕೊಟ್ಟಳು.

ಆ ವರ್ಷದ ನಂತರ ಹಾಡಿನ ಗುಂಪಿಗೆ ಸೇರಿಸಿ ಎಂದು ನಾನು ಯಾರನ್ನೂ ಕೇಳಲಿಲ್ಲ. ಅಜ್ಜಿ ತೀರಿಕೊಂಡಾಗ ನಾನು ತಿಪಟೂರಿನಲ್ಲಿ ಹೈಸ್ಕೂಲು ಓದುತ್ತಿದ್ದೆ. ಅಯ್ಯನವರಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು. ಹೋಗುವ ದಿನ ಲಿಲ್ಲಿಯಮ್ಮನವರು ಅವ್ವನನ್ನು ತಬ್ಬಿಕೊಂಡು, ಈ ಹುಡುಗಿಯ ಗಂಟಲು ತಗ್ಗಿಸಬೇಡಿ ಎಂದಿದ್ದರು. ಅವ್ವ ಆಮೇಲೆ ತಗ್ಗಿಸಲು ಹೋಗಲೂ ಇಲ್ಲ. ನಾನು ಆರೋಗ್ಯ ಸಹಾಯಕಿಯ ಕೆಲಸಕ್ಕೆ ಸೇರಿ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಲ್ಲಿ ಮನೆಮನೆ ತಿರುಗಿ, ಹೆರಿಗೆಗೆ ಹೆದರುತ್ತಿದ್ದ ಹುಡುಗಿಯರಿಗೆ, ಕಿವಿ ಮಂದವಾದ ಅತ್ತೆಯಂದಿರಿಗೆ ಒಂದೇ ಧ್ವನಿಯಲ್ಲಿ ಬುದ್ಧಿ ಹೇಳಿ ನಿವೃತ್ತಳಾದೆ. ಕೆಲಸ ಕಲಿಸಿದ್ದು ಸರ್ಕಾರದ ತರಬೇತಿ. ಮನುಷ್ಯರ ಹತ್ತಿರಕ್ಕೆ ಬಾಗುವುದನ್ನು ಕಲಿಸಿದ್ದು ಆ ಸಣ್ಣ ಸಭೆ. ನೆನೆದಾಗಲೆಲ್ಲ ಕೈ ಮುಗಿಯಬೇಕೆನಿಸುತ್ತದೆ.

ಕಳೆದ ಕ್ರಿಸ್ಮಸ್ಸಿಗೆ ಅಲ್ಲಿಗೆ ಹೋಗಿದ್ದೆ. ಹೆಂಚಿನ ಚರ್ಚು ಹೋಗಿ ದೊಡ್ಡ ಕಟ್ಟಡ ಬಂದಿದೆ. ಗೋಡೆಗೆ ಸ್ಪೀಕರುಗಳು, ಹಾಡಿನ ಸಾಲು ತೋರಿಸುವ ಪರದೆ, ಬಂದವರನ್ನು ನಗುತ್ತಾ ಕೂರಿಸುವ, ಸಮವಸ್ತ್ರ ತೊಟ್ಟ ಹುಡುಗ ಹುಡುಗಿಯರು. ಚೆನ್ನಾಗಿ ಮಾಡುತ್ತಾರೆ, ಶ್ರದ್ಧೆಯಿಂದ ಮಾಡುತ್ತಾರೆ. ಹೊಸ ಪಾದ್ರಿಗಳ ಒಂದೊಂದು ಮಾತೂ ಕಟ್ಟಕಡೆಯ ಕುರ್ಚಿಯವರೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಯಾರೂ ಯಾರ ಕಡೆಗೂ ವಾಲಬೇಕಾಗಿರಲಿಲ್ಲ.

ಪ್ರಸಂಗದ ನಡುವೆ ನನ್ನ ಹಿಂದಿನ ಸಾಲಿನಲ್ಲಿ ಒಂದು ಹೆಣ್ಣುಮಗು, "ಅಮ್ಮಾ, ಯಾಕೆ" ಎಂದು ಏನೋ ಕೇಳತೊಡಗಿತು. ತಾಯಿ ತಟ್ಟನೆ ಅದರ ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಸಂಗ ಮುಂದುವರಿಯಿತು. ಮುಗಿದ ಮೇಲೆ ನಾನು ಆ ಮಗುವನ್ನು ಅಂಗಳದಲ್ಲೆಲ್ಲ ಹುಡುಕಿದೆ. ಅಷ್ಟರಲ್ಲಿ ಅವರು ಮೋಟಾರು ಬೈಕು ಹತ್ತಿ ಹೊರಟುಹೋಗಿದ್ದರು. ಅದು ಏನು ಕೇಳಬೇಕೆಂದಿತ್ತೋ, ನನಗೆ ಗೊತ್ತಾಗಲೇ ಇಲ್ಲ.